ಪ್ರಾಸ್ಟೇಟ್ ಕ್ಯಾನ್ಸರ್: ತೋಟದ ಊರಿನಿಂದ ಆಸ್ಪತ್ರೆಯವರೆಗಿನ ದಾರಿ

ನೆಲ್ಯಹುದಿಕೇರಿ ಕೊಡಗಿನಲ್ಲಿ ಕಾವೇರಿ ದಡದ ಊರು. ಕುಶಾಲನಗರದ ಕಡೆಯಿಂದ ಬಂದರೂ, ಮಡಿಕೇರಿಯಿಂದ ಚೆಟ್ಟಳ್ಳಿ ಮಾರ್ಗವಾಗಿ ಬಂದರೂ ಸೇತುವೆ ದಾಟಿ ಸಿದ್ದಾಪುರ ಮುಟ್ಟುವ ಮೊದಲು ಈ ಊರು ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ದಡದ ಮನೆಗಳನ್ನು ನೆಲಕ್ಕೆ ಕೆಡವಿದಾಗ ನಾಡಿನ ಪತ್ರಿಕೆಗಳಲ್ಲಿ ಇದರ ಹೆಸರು ಬಂತು. ಕಾಡಾನೆ ತೋಟಕ್ಕೆ ನುಗ್ಗಿದಾಗಲೂ ಬರುತ್ತದೆ. ಆದರೆ ಈ ಸೀಮೆಯ ಕಾಫಿ ತೋಟಗಳಲ್ಲಿ ದುಡಿದು ಅರವತ್ತು ದಾಟಿದ ಗಂಡಸರು ಸೊಂಟ ಹಿಡಿದುಕೊಂಡು ಓಡಾಡುವುದು, ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುವುದು ಯಾರ ಗಮನಕ್ಕೂ ಬರುವುದಿಲ್ಲ. ‘ವಯಸ್ಸಾಯಿತಲ್ಲ, ಹಾಗೇ’ ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತದೆ.

ಹೆಚ್ಚಿನ ಸಲ ಆ ಮಾತು ನಿಜವೇ. ಕೆಲವೊಮ್ಮೆ ಮಾತ್ರ ಅದರ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಇರುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 14 ಲಕ್ಷ ಗಂಡಸರಲ್ಲಿ ಈ ರೋಗ ಪತ್ತೆಯಾಯಿತು. ಅದೇ ವರ್ಷ ಸುಮಾರು 3.75 ಲಕ್ಷ ಜನ ಇದರಿಂದ ಸತ್ತರು. ಭಾರತದ ಅಂದಾಜು ನೋಡಿ: ಪತ್ತೆಯಾದವರು ಸುಮಾರು 34,500, ಸತ್ತವರು ಸುಮಾರು 16,800. ಜಗತ್ತಿನ ಲೆಕ್ಕದಲ್ಲಿ ನಾಲ್ಕು ಪತ್ತೆಗೆ ಒಂದು ಸಾವು, ನಮ್ಮಲ್ಲಿ ಎರಡಕ್ಕೆ ಒಂದು. ನಮ್ಮವರ ರೋಗ ಬೇರೆ ಜಾತಿಯದು ಎಂದು ಇದರ ಅರ್ಥವಲ್ಲ. ಶ್ರೀಮಂತ ದೇಶಗಳಲ್ಲಿ ರಕ್ತಪರೀಕ್ಷೆಯಿಂದ ಸಣ್ಣಪುಟ್ಟ ಗೆಡ್ಡೆಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಮತ್ತು ನಮಗೆ ಸಂಬಂಧಿಸಿದ ಕಾರಣವೆಂದರೆ, ನಮ್ಮವರು ತಡವಾಗಿ ಬರುತ್ತಾರೆ. ಗ್ರಂಥಿಯೊಳಗೆ ಇದ್ದಾಗ ಬರಬೇಕಾದವರು ರೋಗ ಮೂಳೆಗೆ ಇಳಿದ ಮೇಲೆ ಬರುತ್ತಾರೆ.

ಕ್ಯಾನ್ಸರ್‌ಗಳಲ್ಲಿ ಇದು ಸಮಯ ಕೊಡುವ ಕಾಯಿಲೆ. ಹುಟ್ಟಿದ ಗೆಡ್ಡೆ ಅಪಾಯದ ಹಂತ ತಲುಪಲು ಬಹುತೇಕರಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಪತ್ತೆಯಾದ ಮೇಲೂ ಯಾವ ಚಿಕಿತ್ಸೆ ಬೇಕೆಂದು ಯೋಚಿಸಲು ವಾರಗಳ ಬಿಡುವಿರುತ್ತದೆ. ಹರಡಿದ ಮೇಲೂ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹಲವರು ಹಲವು ವರ್ಷ ಬಾಳುತ್ತಾರೆ. ಹೀಗೆ ಸಿಗುವ ಸಮಯವನ್ನು ನಾವು ಸಂಕೋಚದಲ್ಲಿ, ದೂರದ ದಾರಿಯಲ್ಲಿ, ತಪ್ಪು ತಿಳಿವಳಿಕೆಯಲ್ಲಿ ಕಳೆಯುತ್ತಿದ್ದೇವೆ. ಈ ರೋಗದ ಬಗ್ಗೆ ವಿಜ್ಞಾನ ಇಂದು ಏನು ಹೇಳುತ್ತದೆ, ತಾಲ್ಲೂಕು ಕೇಂದ್ರಕ್ಕೆ ಹೋಗಲೂ ಬಸ್ ಕಾಯಬೇಕಾದ ಊರಿನವನಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಒಟ್ಟಿಗೇ ನೋಡಬೇಕಾಗಿದೆ.

ಗ್ರಂಥಿ ಮತ್ತು ಅದರ ಎರಡು ಬಗೆಯ ಕಾಯಿಲೆ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿ ಕುಳಿತಿರುತ್ತದೆ. ಮೂತ್ರನಾಳ ಇದರ ನಡುವಿನಿಂದಲೇ ಹಾದುಹೋಗುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಇದರ ಕೆಲಸ. ವೃಷಣದಲ್ಲಿ ಉತ್ಪತ್ತಿಯಾಗುವ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಇದರ ಬೆಳವಣಿಗೆಗೆ ಆಧಾರ.

ಐವತ್ತು ದಾಟಿದ ಮೇಲೆ ಈ ಗ್ರಂಥಿ ಹಿಗ್ಗುವುದು ಸಾಮಾನ್ಯ. ಹಿಗ್ಗುವುದು ಮೂತ್ರನಾಳವನ್ನು ಸುತ್ತಿಕೊಂಡ ಒಳಭಾಗ. ಅದಕ್ಕೇ ಮೂತ್ರದ ಧಾರೆ ಸಣ್ಣಗಾಗುತ್ತದೆ, ಶುರುವಾಗಲು ಕಾಯಬೇಕಾಗುತ್ತದೆ, ಹೋಗಿಬಂದರೂ ಇನ್ನೂ ಉಳಿದಂತೆ ಅನಿಸುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ. ಟಾಮ್ಸುಲೋಸಿನ್‌ನಂಥ ಮಾತ್ರೆಗೆ ಹಲವರಲ್ಲಿ ಬಗ್ಗುತ್ತದೆ. ಬಗ್ಗದಿದ್ದರೆ ಮೂತ್ರದ ದಾರಿಯಿಂದಲೇ ಉಪಕರಣ ಇಳಿಸಿ ಅಡ್ಡವಿರುವ ಭಾಗವನ್ನು ಕೆರೆದು ತೆಗೆಯುತ್ತಾರೆ.

ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಅಂಚಿನಲ್ಲಿ, ಮೂತ್ರನಾಳದಿಂದ ದೂರದಲ್ಲಿ. ಆದ್ದರಿಂದ ಆರಂಭದಲ್ಲಿ ಅದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ತಡೆಯಿಲ್ಲ. ಮೂತ್ರದ ತೊಂದರೆ ಇರುವವರಲ್ಲಿ ಬಹಳ ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆರಂಭದ ಕ್ಯಾನ್ಸರ್ ಇರುವವರಲ್ಲಿ ಬಹಳ ಮಂದಿಗೆ ಮೂತ್ರದ ತೊಂದರೆ ಇರುವುದಿಲ್ಲ. ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಭಯ ಕರಗುತ್ತದೆ, ಜೊತೆಗೆ ಸುಳ್ಳು ಧೈರ್ಯವೂ ಕರಗುತ್ತದೆ.

ಯಾರಿಗೆ ಬರುತ್ತದೆ? ವಯಸ್ಸೇ ಮೊದಲ ಕಾರಣ. ಐವತ್ತಕ್ಕಿಂತ ಮೊದಲು ಅಪರೂಪ, ಅರವತ್ತೈದರ ನಂತರ ಹೆಚ್ಚು. ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಕಾರಣವಾಗುವ ಬಿ.ಆರ್.ಸಿ.ಎ.-2 ವಂಶವಾಹಿ ದೋಷ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರನ್ನೂ ತರಬಲ್ಲದು. ತಾಯಿಗೆ, ಅಕ್ಕತಂಗಿಯರಿಗೆ ಆ ಕಾಯಿಲೆ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ತೋಟದ ಊರಿನಲ್ಲಿ ಇನ್ನೆರಡು ಪ್ರಶ್ನೆಗಳು ಏಳುವುದು ಸಹಜ. ಒಂದು, ಔಷಧಿ ಸಿಂಪಡಣೆಯದು. ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ 1993ರಿಂದ ನಡೆದಿರುವ ದೊಡ್ಡ ಅಧ್ಯಯನ ಕೀಟನಾಶಕ ಸಿಂಪಡಿಸುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತುಸು ಹೆಚ್ಚೆಂದು ಕಂಡಿದೆ. ಕೈಗವಸು, ಮುಖಗವಸು, ಕೆಲಸ ಮುಗಿದ ಮೇಲೆ ಸ್ನಾನ, ಬೇರೆ ಬಟ್ಟೆ, ಇವುಗಳನ್ನು ಒದಗಿಸುವುದು ತೋಟದ ಮಾಲೀಕರ ಕರ್ತವ್ಯ ಎನ್ನಲು ಇಷ್ಟು ಸಾಕು. ಇನ್ನೊಂದು, ಕಾಫಿಯದು. ಹಾರ್ವರ್ಡ್‌ನ ಸಂಶೋಧಕರು ಸುಮಾರು 48,000 ಗಂಡಸರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದಿನಕ್ಕೆ ಬಹಳ ಲೋಟ ಕಾಫಿ ಕುಡಿಯುವವರಲ್ಲಿ ಸಾವು ತರುವಂಥ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡುಬಂದಿತ್ತು. ಅದು ಕಾಫಿಯಿಂದಲೇ ಎಂದು ಸಾಬೀತಾಗಿಲ್ಲ. ಕಾಫಿ ಕುಡಿಯಲು ಹೆದರಬೇಕಿಲ್ಲ, ಅದೇ ಮದ್ದೆಂದು ನಂಬಬೇಕಾಗಿಯೂ ಇಲ್ಲ. ವಿಟಮಿನ್ ಮಾತ್ರೆಗಳನ್ನು ನಂಬಿದವರಿಗೂ ಒಂದು ಎಚ್ಚರಿಕೆ: ವಿಟಮಿನ್ ಇ ಈ ರೋಗವನ್ನು ತಡೆಯುತ್ತದೆಯೇ ಎಂದು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಮಾತ್ರೆ ನುಂಗಿದವರಲ್ಲೇ ರೋಗ ಶೇ 17ರಷ್ಟು ಹೆಚ್ಚಾಗಿತ್ತು.

ಬೆನ್ನುನೋವಿನ ಮರೆಯಲ್ಲಿ

ಪ್ರಾಸ್ಟೇಟ್ ಕ್ಯಾನ್ಸರ್ ಗ್ರಂಥಿಯನ್ನು ಬಿಟ್ಟು ಹೊರಟಾಗ ಅದು ಹೆಚ್ಚಾಗಿ ನೆಲೆಸುವುದು ಮೂಳೆಯಲ್ಲಿ: ಸೊಂಟದ ಮೂಳೆ, ಬೆನ್ನೆಲುಬು, ಪಕ್ಕೆಲುಬು, ತೊಡೆ. ಮೊದಲ ದೂರು ಬೆನ್ನುನೋವು. ಕಾಫಿ ಮೂಟೆ ಹೊತ್ತ, ಮರ ಹತ್ತಿ ಮೆಣಸು ಕೊಯ್ದ, ಇಳಿಜಾರಿನಲ್ಲಿ ಗುಂಡಿ ತೋಡಿದ ಮೈಗೆ ಬೆನ್ನುನೋವು ಹೊಸದೇನಲ್ಲ. ಅದಕ್ಕೆ ಎಣ್ಣೆ ತಿಕ್ಕುತ್ತಾರೆ, ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತರುತ್ತಾರೆ, ನಾಟಿ ಪಟ್ಟು ಹಾಕಿಸುತ್ತಾರೆ. ತಿಂಗಳುಗಳು ಹೀಗೇ ಉರುಳುತ್ತವೆ.

ದುಡಿಮೆಯ ನೋವು ಮಲಗಿದರೆ ಇಳಿಯುತ್ತದೆ. ಮೂಳೆಗಿಳಿದ ಕ್ಯಾನ್ಸರ್‌ನ ನೋವು ಸಾಮಾನ್ಯವಾಗಿ ವಿಶ್ರಾಂತಿಗೆ ಬಗ್ಗುವುದಿಲ್ಲ, ರಾತ್ರಿ ಹೆಚ್ಚಾಗುತ್ತದೆ, ವಾರದಿಂದ ವಾರಕ್ಕೆ ಏರುತ್ತದೆ. ಜೊತೆಗೆ ತೂಕ ಇಳಿಯುವುದು, ಸುಸ್ತು, ರಕ್ತಹೀನತೆ ಇರಬಹುದು. ಐವತ್ತೈದು ದಾಟಿದವನಿಗೆ ಹೊಸದಾಗಿ ಬಂದ ಇಂಥ ನೋವು ಒಂದು ತಿಂಗಳಾದರೂ ಬಿಡದಿದ್ದರೆ ಎಕ್ಸ್-ರೇ ಜೊತೆ ಪಿ.ಎಸ್.ಎ. ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.

ಬೆನ್ನುನೋವಿರುವ ರೋಗಿಯ ಕಾಲುಗಳು ಶಕ್ತಿ ಕಳೆದುಕೊಂಡರೆ, ಜೋಮು ಹಿಡಿದರೆ, ಮೂತ್ರ ನಿಂತುಹೋದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದು ಗಂಟೆಗಳ ಲೆಕ್ಕದ ತುರ್ತು. ಗೆಡ್ಡೆಯೋ ಕುಸಿದ ಮೂಳೆಯೋ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ದಿನ ಸ್ಕ್ಯಾನ್, ಸ್ಟೀರಾಯ್ಡ್, ವಿಕಿರಣ ಅಥವಾ ಶಸ್ತ್ರಚಿಕಿತ್ಸೆ ಸಿಕ್ಕರೆ ಮನುಷ್ಯ ನಡೆದಾಡಿಕೊಂಡಿರುತ್ತಾನೆ. ಎರಡು ಮೂರು ದಿನ ತಡವಾದರೆ ಉಳಿದ ಆಯುಷ್ಯವೆಲ್ಲ ಹಾಸಿಗೆಯಲ್ಲೇ ಕಳೆಯಬೇಕಾಗಬಹುದು. ನಾಳೆಯ ಬಸ್ಸಿಗೆ ಕಾಯಬಾರದ ಹೊತ್ತು ಇದು. 108ಕ್ಕೆ ಕರೆ ಮಾಡಬೇಕು.

ಪಿ.ಎಸ್.ಎ. ಪರೀಕ್ಷೆಯ ಬಲ ಮತ್ತು ಮಿತಿ

ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು ಪಿ.ಎಸ್.ಎ. ಅದರಲ್ಲಿ ಅಲ್ಪಾಂಶ ರಕ್ತಕ್ಕೆ ಸೇರುತ್ತದೆ. ಅಮೆರಿಕದ ಔಷಧ ನಿಯಂತ್ರಕರು 1986ರಲ್ಲಿ ಈ ಪರೀಕ್ಷೆಯನ್ನು ರೋಗಿಗಳ ಮೇಲ್ವಿಚಾರಣೆಗೆ, 1994ರಲ್ಲಿ ರೋಗ ಪತ್ತೆಗೆ ಒಪ್ಪಿದರು. ಒಂದು ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೋಗ್ರಾಂವರೆಗೆ ಇದ್ದರೆ ಸಾಧಾರಣ ಎನ್ನುವುದು ರೂಢಿ.

ಆದರೆ ಪಿ.ಎಸ್.ಎ. ಏರಿದೆ ಎಂದರೆ ಕ್ಯಾನ್ಸರ್ ಎಂದಲ್ಲ. ಗ್ರಂಥಿ ಹಿಗ್ಗಿದ್ದರೂ ಏರುತ್ತದೆ, ಮೂತ್ರದ ಸೋಂಕಿದ್ದರೂ ಏರುತ್ತದೆ, ಮೂತ್ರನಾಳಕ್ಕೆ ಕೊಳವೆ ಹಾಕಿದ್ದರೂ ಏರುತ್ತದೆ. ಆದ್ದರಿಂದ ಒಂದೇ ವರದಿ ನೋಡಿ ಕಂಗಾಲಾಗದೆ, ಸೋಂಕು ವಾಸಿಯಾದ ಕೆಲವು ವಾರಗಳ ಮೇಲೆ ಮತ್ತೆ ಪರೀಕ್ಷಿಸಬೇಕು. ಇದಕ್ಕೆ ತಿರುಗಾದ ಅಪಾಯವೂ ಇದೆ. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟಿರೈಡ್, ಡ್ಯುಟಾಸ್ಟಿರೈಡ್ ಮಾತ್ರೆಗಳು ಪಿ.ಎಸ್.ಎ. ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅವನ್ನು ತಿಂಗಳುಗಟ್ಟಲೆ ನುಂಗುತ್ತಿರುವವನ ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು.

ಹಾಗಾದರೆ ಎಲ್ಲ ಗಂಡಸರೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಬೇಕೇ? ಮೂವತ್ತು ವರ್ಷಗಳಿಂದ ವೈದ್ಯಲೋಕ ಚರ್ಚಿಸುತ್ತಿರುವ ಪ್ರಶ್ನೆ ಇದು. ಯುರೋಪಿನ ಎಂಟು ದೇಶಗಳಲ್ಲಿ 55ರಿಂದ 69 ವಯಸ್ಸಿನ ಸುಮಾರು 1,62,000 ಗಂಡಸರನ್ನು ಒಳಗೊಂಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಬಂತು. ತಪಾಸಣೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಆದ ಸಾವು ಶೇ 13ರಷ್ಟು ಕಡಿಮೆ. ಒಂದು ಸಾವು ತಪ್ಪಿಸಲು 456 ಜನರನ್ನು ತಪಾಸಣೆಗೆ ಕರೆಯಬೇಕಾಯಿತು. ಲಾಭ ನಿಜ, ಆದರೆ ದೊಡ್ಡದಲ್ಲ. ಬೆಲೆಯೂ ಇದೆ: ಎಂದೂ ತೊಂದರೆ ಕೊಡದೆ ಇರುತ್ತಿದ್ದ ಗೆಡ್ಡೆಗಳು ಪತ್ತೆಯಾಗಿ, ಬೇಡದ ಚಿಕಿತ್ಸೆಗೆ ಒಳಗಾಗಿ, ಜನ ಅದರ ಅಡ್ಡಪರಿಣಾಮಗಳೊಂದಿಗೆ ಬದುಕಬೇಕಾಗುತ್ತದೆ. ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಪಿ.ಎಸ್.ಎ. ತಪಾಸಣೆ ಬೇಡವೆಂದಿತು, 2018ರಲ್ಲಿ ಮಾತು ಬದಲಿಸಿ, 55ರಿಂದ 69ರ ಒಳಗಿನವರು ವೈದ್ಯರೊಂದಿಗೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ವಾಡಿಕೆಯ ತಪಾಸಣೆ ಬೇಡ ಎಂದಿತು.

ನಮ್ಮ ಸರಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಪ್ರಾಸ್ಟೇಟ್ ಇಲ್ಲ. ಯುರೋಪಿನ ಲೆಕ್ಕ ನೋಡಿದರೆ ಸದ್ಯಕ್ಕೆ ಅದು ತಪ್ಪು ನಿರ್ಧಾರವಲ್ಲ. ಊರಿಗೆ ಊರನ್ನೇ ಸಾಲಿನಲ್ಲಿ ನಿಲ್ಲಿಸಿ ರಕ್ತ ತೆಗೆದು, ಮುಂದಿನ ಎಂ.ಆರ್.ಐ., ಬಯಾಪ್ಸಿ, ತಜ್ಞರ ಸಲಹೆ ಯಾವುದನ್ನೂ ಕೊಡದೆ ವರದಿ ಮಾತ್ರ ಕೈಗಿತ್ತು ಕಳಿಸುವ ಶಿಬಿರಗಳಿಂದ ಹಿತಕ್ಕಿಂತ ಆತಂಕವೇ ಹೆಚ್ಚು. ನಮ್ಮ ಅಗತ್ಯ ಬೇರೆ. ತೊಂದರೆ ಶುರುವಾದವನು ತಡಮಾಡದೆ ಬರಬೇಕು, ಮನೆತನದಲ್ಲಿ ರೋಗ ಇರುವವನು ನಲವತ್ತೈದರ ಸುಮಾರಿಗೇ ವೈದ್ಯರನ್ನು ಕಾಣಬೇಕು, ಆರೋಗ್ಯವಾಗಿರುವ ಐವತ್ತೈದರ ಗಂಡಸು ತಿಳಿದು ಕೇಳಿದರೆ ಪರೀಕ್ಷೆ ಸಿಗಬೇಕು.

ಸೂಜಿಯ ಭಯ

ಪಿ.ಎಸ್.ಎ. ಏರಿದ್ದರೆ ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಅರ್ಧ ನಿಮಿಷದ ಈ ಪರೀಕ್ಷೆಗೆ ನಾಚಿ ಆಸ್ಪತ್ರೆಯಿಂದ ಎದ್ದುಬರುವವರಿದ್ದಾರೆ. ಹೆಂಗಸರು ಹೆರಿಗೆಗೂ ಗರ್ಭಕೋಶದ ತೊಂದರೆಗೂ ಇದಕ್ಕಿಂತ ಎಷ್ಟೋ ಹೆಚ್ಚಿನ ಮುಜುಗರವನ್ನು ಸಹಿಸಿದ್ದಾರೆಂಬುದನ್ನು ಗಂಡಸರು ನೆನೆಯಬೇಕು. ಮುಂದಿನದು ಎಂ.ಆರ್.ಐ. ಸ್ಕ್ಯಾನ್. ಗೆಡ್ಡೆಯ ಅನುಮಾನ ಎಷ್ಟೆಂದು ಅದು 1ರಿಂದ 5ರವರೆಗಿನ ಅಂಕದಲ್ಲಿ ಹೇಳುತ್ತದೆ. ಅಂಕ ಕಡಿಮೆ ಇದ್ದರೆ ಹಲವರಿಗೆ ಬಯಾಪ್ಸಿ ಬೇಕಾಗುವುದೇ ಇಲ್ಲ.

ಬಯಾಪ್ಸಿ ಎಂದರೆ ಅಲ್ಟ್ರಾಸೌಂಡ್ ನೆರವಿನಿಂದ ಸಣ್ಣ ಸೂಜಿ ಹಾಕಿ, ಸಾಮಾನ್ಯವಾಗಿ ಹನ್ನೆರಡು ಕಡೆ ಎಳೆಯಷ್ಟು ಅಂಗಾಂಶ ತೆಗೆಯುವುದು. ‘ಸೂಜಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಓಡಾಡುತ್ತಿದೆ. ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ. ಕೆಲವು ದಿನ ಮೂತ್ರದಲ್ಲಿ, ವೀರ್ಯದಲ್ಲಿ ರಕ್ತ ಕಾಣಬಹುದು. ಸೋಂಕಾಗಿ ಚಳಿಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಮರಳಬೇಕು. ಬಯಾಪ್ಸಿಗೆ ಹೆದರಿ ಕಳೆದ ತಿಂಗಳುಗಳಲ್ಲೇ ರೋಗ ನಿಜವಾಗಿ ಹರಡಿರುತ್ತದೆ, ದೂರು ಮಾತ್ರ ಸೂಜಿಯ ಮೇಲೆ ಬರುತ್ತದೆ.

ಆ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಉಗ್ರತೆಗೆ ಅಂಕ ಕೊಡುವ ಪದ್ಧತಿಯನ್ನು 1966ರಲ್ಲಿ ರೂಪಿಸಿದವರು ಅಮೆರಿಕದ ಡೊನಾಲ್ಡ್ ಗ್ಲೀಸನ್. ಇಂದು ಗ್ಲೀಸನ್ ಅಂಕ 6ರಿಂದ ಶುರುವಾಗುತ್ತದೆ. 6 ಎಂದರೆ ಸೌಮ್ಯ, 7 ಮಧ್ಯಮ, 8ರಿಂದ 10 ಉಗ್ರ. ಪಿ.ಎಸ್.ಎ. ಮಟ್ಟ, ಗ್ಲೀಸನ್ ಅಂಕ, ಸ್ಕ್ಯಾನ್‌ನಲ್ಲಿ ಕಂಡ ಹರಡುವಿಕೆ, ಈ ಮೂರನ್ನು ಸೇರಿಸಿಯೇ ಚಿಕಿತ್ಸೆಯ ತೀರ್ಮಾನವಾಗುತ್ತದೆ. ಪ್ರತಿ ರೋಗಿಯೂ ತನ್ನ ಈ ಮೂರು ವಿವರಗಳನ್ನು ಬರೆದಿಟ್ಟುಕೊಳ್ಳಬೇಕು. ಬೇರೆ ಆಸ್ಪತ್ರೆಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಗ್ರಂಥಿಯೊಳಗೇ ಇದ್ದಾಗ

ಬೇಗ ಬಂದವನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಕಾದು ನೋಡುವುದು. ಗ್ಲೀಸನ್ 6ರ ಸೌಮ್ಯ ಗೆಡ್ಡೆಗೆ ತಕ್ಷಣ ಏನೂ ಮಾಡದೆ, ಆರು ತಿಂಗಳಿಗೊಮ್ಮೆ ಪಿ.ಎಸ್.ಎ., ಬೇಕಾದಾಗ ಎಂ.ಆರ್.ಐ. ಮತ್ತು ಬಯಾಪ್ಸಿ ಮಾಡುತ್ತ, ರೋಗ ಹೆಜ್ಜೆ ಮುಂದಿಟ್ಟರೆ ಮಾತ್ರ ಚಿಕಿತ್ಸೆ ಶುರುಮಾಡುವುದು. ಕ್ಯಾನ್ಸರ್ ಎಂದು ಹೇಳಿ ಸುಮ್ಮನಿರಿ ಎಂದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ. ಆದರೆ ಇದು ಕೈಬಿಡುವುದಲ್ಲ, ಲೆಕ್ಕ ಹಾಕಿ ಕಾಯುವುದು. ಬರುತ್ತೇನೆಂದ ದಿನ ಬರುವ ಶಿಸ್ತು ಮಾತ್ರ ರೋಗಿಯಲ್ಲಿರಬೇಕು.

ಎರಡನೆಯದು ಶಸ್ತ್ರಚಿಕಿತ್ಸೆ. ಪೂರ್ತಿ ಗ್ರಂಥಿಯನ್ನು ತೆಗೆಯುವ ವಿಧಾನವನ್ನು 1904ರಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಮಾಡಿ ತೋರಿಸಿದರು. 1982ರಲ್ಲಿ ಪ್ಯಾಟ್ರಿಕ್ ವಾಲ್ಷ್ ಲೈಂಗಿಕ ಶಕ್ತಿಯ ನರಗಳನ್ನು ಉಳಿಸಿಕೊಂಡು ಅದನ್ನೇ ಮಾಡುವುದು ಹೇಗೆಂದು ತೋರಿಸಿದರು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ರೋಬಾಟ್ ನೆರವಿನಿಂದಲೂ ನಡೆಯುತ್ತದೆ. ರಕ್ತಸ್ರಾವ ಕಡಿಮೆ, ಚೇತರಿಕೆ ಬೇಗ. ಆದರೆ ಫಲಿತಾಂಶ ಯಂತ್ರಕ್ಕಿಂತ ಶಸ್ತ್ರವೈದ್ಯರ ಅನುಭವದ ಮೇಲೆಯೇ ಹೆಚ್ಚು ನಿಂತಿದೆ.

ಮೂರನೆಯದು ವಿಕಿರಣ. ಹೊರಗಿನಿಂದ ಯಂತ್ರದ ಮೂಲಕ ಕಿರಣ ಹಾಯಿಸುವುದು ಸಾಮಾನ್ಯ ವಿಧಾನ. ಮಧ್ಯಮ ಮತ್ತು ಉಗ್ರ ರೋಗವಿದ್ದರೆ ಜೊತೆಗೆ ಕೆಲವು ತಿಂಗಳಿಂದ ಎರಡು ಮೂರು ವರ್ಷದವರೆಗೆ ಹಾರ್ಮೋನ್ ಚಿಕಿತ್ಸೆ ಕೊಡುತ್ತಾರೆ.

ಈ ಮೂರರಲ್ಲಿ ಯಾವುದು ಮೇಲು? ಬ್ರಿಟನ್ನಿನಲ್ಲಿ 50ರಿಂದ 69ರ ನಡುವಿನ 1,643 ಗಂಡಸರನ್ನು ಮೂರೂ ದಾರಿಗೆ ಹಂಚಿ, 15 ವರ್ಷ ಗಮನಿಸಿ, 2023ರಲ್ಲಿ ಫಲಿತಾಂಶ ಹೇಳಿದರು. ಯಾವ ಗುಂಪಿನಲ್ಲಿದ್ದರೂ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಶೇ 3ರ ಆಸುಪಾಸು. ಕಾದು ನೋಡಿದವರಲ್ಲಿ ರೋಗ ಹರಡಿದ್ದು ಶೇ 9ರಷ್ಟು ಜನರಲ್ಲಿ, ಉಳಿದೆರಡು ಗುಂಪುಗಳಲ್ಲಿ ಶೇ 5ರಷ್ಟು. ಅಡ್ಡಪರಿಣಾಮಗಳಲ್ಲಿ ಅಂತರ ಎದ್ದುಕಂಡಿತು. ಆರು ವರ್ಷದ ಹೊತ್ತಿಗೆ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 17, ವಿಕಿರಣದ ಗುಂಪಿನಲ್ಲಿ ಶೇ 4. ವಿಕಿರಣ ಪಡೆದವರಲ್ಲಿ ಕೆಲವರಿಗೆ ಮಲದಲ್ಲಿ ರಕ್ತ ಹೋಗುವ ತೊಂದರೆ ಉಳಿಯಿತು. ಲೈಂಗಿಕ ಶಕ್ತಿ ಎರಡರಲ್ಲೂ ಕುಂದುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು. ಹೀಗಾಗಿ ಆರಂಭದ ಹಂತದಲ್ಲಿ ಆಯ್ಕೆಯನ್ನು ವೈದ್ಯರೊಬ್ಬರೇ ಮಾಡಲಾಗದು. ಯಾವ ತೊಂದರೆಯನ್ನು ತಾನು ಸಹಿಸಬಲ್ಲೆ ಎಂಬುದನ್ನು ರೋಗಿಯೂ ಅವನ ಹೆಂಡತಿಯೂ ಕೂತು ಮಾತಾಡಿ ಹೇಳಬೇಕು. ಮೂತ್ರರೋಗದ ಶಸ್ತ್ರವೈದ್ಯರನ್ನೂ ವಿಕಿರಣ ತಜ್ಞರನ್ನೂ ಇಬ್ಬರನ್ನೂ ಕಂಡ ಮೇಲೆಯೇ ಒಪ್ಪಿಗೆ ಕೊಡುವುದು ಒಳ್ಳೆಯದು.

ನೆಲ್ಯಹುದಿಕೇರಿಯವನ ಆಯ್ಕೆಯಲ್ಲಿ ದಾರಿಯ ದೂರಕ್ಕೂ ಪಾಲಿದೆ. ವಿಕಿರಣಕ್ಕೆ ಹಿಂದೆ ವಾರಕ್ಕೆ ಐದು ದಿನದಂತೆ ಏಳೆಂಟು ವಾರ, ಮೂವತ್ತೇಳು ಮೂವತ್ತೊಂಬತ್ತು ಸಲ ಹೋಗಬೇಕಿತ್ತು. ನೂರು ಕಿಲೋಮೀಟರ್ ಆಚೆಯ ಮೈಸೂರಿನಲ್ಲಿ ಎರಡು ತಿಂಗಳು ಬಾಡಿಗೆ ಕೋಣೆ ಹಿಡಿಯುವುದೆಂದರೆ ಕೂಲಿಕಾರನಿಗೆ ಆಗದ ಮಾತು. 2016ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು 20 ಸಲ ಕೊಟ್ಟರೂ ಫಲ ಅಷ್ಟೇ ಎಂದು ತೋರಿಸಿತು. ಈಗ ಕೆಲವು ರೋಗಿಗಳಿಗೆ ಐದೇ ಸಲದಲ್ಲಿ ಮುಗಿಸುವ ವಿಧಾನವೂ ಒಪ್ಪಿತವಾಗಿದೆ. ನಮ್ಮ ದೇಶದವರೂ ಈ ಕ್ಷೇತ್ರಕ್ಕೆ ಕೊಡುಗೆ ಕೊಟ್ಟಿದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೇದಾಂಗ್ ಮೂರ್ತಿ ಮತ್ತು ತಂಡ, ಅಪಾಯ ಹೆಚ್ಚಿರುವ 224 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗ್ರಂಥಿಯ ಜೊತೆ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೂ ವಿಕಿರಣ ಕೊಟ್ಟು ನೋಡಿತು. ಐದು ವರ್ಷದ ಹೊತ್ತಿಗೆ ಪಿ.ಎಸ್.ಎ. ಮರುಕಳಿಸದೆ ಉಳಿದವರು ಹಾಗೆ ಪಡೆದವರಲ್ಲಿ ಶೇ 95, ಗ್ರಂಥಿಗೆ ಮಾತ್ರ ಪಡೆದವರಲ್ಲಿ ಶೇ 81. ತಡವಾಗಿ ಬರುವ ನಮ್ಮವರಿಗೆ ತಕ್ಕ ಸಂಶೋಧನೆ ಇದು. ‘ನನಗೆ ಕಡಿಮೆ ಸಲದಲ್ಲಿ ಮುಗಿಸಲು ಆಗುತ್ತದೆಯೇ?’ ಎಂದು ವಿಕಿರಣ ತಜ್ಞರನ್ನು ಕೇಳುವುದು ರೋಗಿಯ ಹಕ್ಕು.

ಮೂಳೆಗೆ ಇಳಿದ ಮೇಲೆ

1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗಿನ್ಸ್, ವೃಷಣ ತೆಗೆದು ಟೆಸ್ಟೋಸ್ಟಿರೋನ್ ಇಳಿಸಿದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ, ನೋವು ಇಳಿಯುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಎಂಬತ್ತು ವರ್ಷ ಕಳೆದರೂ ಹರಡಿದ ರೋಗದ ಚಿಕಿತ್ಸೆಗೆ ಅದೇ ತಳಹದಿ. ಟೆಸ್ಟೋಸ್ಟಿರೋನ್ ಇಳಿಸಲು ಇಂದು ಎರಡು ಮಾರ್ಗ: ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಜೀವನಪೂರ್ತಿ ಚುಚ್ಚುಮದ್ದು, ಇಲ್ಲವೇ ಒಂದೇ ಸಲದ ಸಣ್ಣ ಶಸ್ತ್ರಚಿಕಿತ್ಸೆಯಿಂದ ವೃಷಣಗಳನ್ನು ತೆಗೆಯುವುದು. ರೋಗದ ಮೇಲೆ ಎರಡರ ಪರಿಣಾಮವೂ ಒಂದೇ. ಚುಚ್ಚುಮದ್ದು ದುಬಾರಿ, ಸರದಿ ತಪ್ಪಿದರೆ ರೋಗ ತಲೆಯೆತ್ತಬಹುದು. ಶಸ್ತ್ರಚಿಕಿತ್ಸೆ ಅಗ್ಗ, ಮತ್ತೆ ಮತ್ತೆ ಬರಬೇಕಿಲ್ಲ. ಆದರೆ ಗಂಡಸುತನವೇ ಹೋಯಿತೆಂಬ ದುಃಖ ಅದಕ್ಕಿದೆ. ಆ ದುಃಖವನ್ನು ಹಗುರವಾಗಿ ಕಾಣಬಾರದು. ಲೈಂಗಿಕ ಆಸಕ್ತಿಯನ್ನು ಚುಚ್ಚುಮದ್ದೂ ಕಳೆಯುತ್ತದೆ ಎಂಬ ಸತ್ಯವನ್ನು ಬಿಡಿಸಿ ಹೇಳಿ, ನಿರ್ಧಾರವನ್ನು ರೋಗಿಗೆ ಬಿಡಬೇಕು.

ಹಾರ್ಮೋನ್ ಇಳಿದಾಗ ಮೈ ಬಿಸಿಯೇರಿ ಬೆವರುವುದು, ಸ್ನಾಯು ಕರಗುವುದು, ಮೂಳೆ ಸವೆಯುವುದು, ಸಕ್ಕರೆ ಕಾಯಿಲೆ ಹಾಗೂ ಹೃದಯದ ತೊಂದರೆ ಹೆಚ್ಚುವುದು, ಮನಸ್ಸು ಕುಗ್ಗುವುದು ಉಂಟು. ದಿನವೂ ನಡಿಗೆ, ಆಗುವಷ್ಟು ಮೈಕೆಲಸ, ಕ್ಯಾಲ್ಸಿಯಂ, ವಿಟಮಿನ್ ಡಿ, ಬೀಡಿ ಸಿಗರೇಟು ಮತ್ತು ಮದ್ಯದಿಂದ ದೂರ ಇರುವುದು, ಇವೆಲ್ಲ ಚಿಕಿತ್ಸೆಯ ಭಾಗಗಳೇ.

ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ತಳಹದಿಯ ಮೇಲೆ ಬಹಳ ಕಟ್ಟಲಾಗಿದೆ. 2004ರಲ್ಲಿ ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ, 2011ರಲ್ಲಿ ಅಬಿರಾಟಿರೋನ್, 2012ರಲ್ಲಿ ಎನ್ಜಲೂಟಮೈಡ್ ಬಂದವು. ಹೊಸದಾಗಿ ಹರಡಿದ ಉಗ್ರ ರೋಗದಲ್ಲಿ ಹಾರ್ಮೋನ್ ತಡೆಯ ಜೊತೆಗೇ ಅಬಿರಾಟಿರೋನ್ ಶುರುಮಾಡಿದಾಗ, ರೋಗಿಗಳ ಬದುಕಿನ ಮಧ್ಯಮ ಅವಧಿ 36 ತಿಂಗಳಿಂದ 53 ತಿಂಗಳಿಗೆ ಏರಿತು. ಒಂದೂವರೆ ವರ್ಷದ ಬದುಕು ಎಂದರೆ ಮಗಳ ಮದುವೆ, ಮೊಮ್ಮಗನ ಶಾಲೆ, ಮತ್ತೊಂದು ಕೊಯ್ಲು. ಭಾರತದ ಕಂಪನಿಗಳು ಈ ಮಾತ್ರೆಯನ್ನು ಮೂಲ ಬ್ರಾಂಡಿಗಿಂತ ಬಹಳ ಕಡಿಮೆ ಬೆಲೆಗೆ ತಯಾರಿಸುತ್ತವೆ. ವಂಶವಾಹಿ ದೋಷವಿದ್ದವರಿಗೆ ಓಲಪಾರಿಬ್, ಕ್ಯಾನ್ಸರ್ ಕಣವನ್ನು ಹುಡುಕಿ ವಿಕಿರಣ ತಲುಪಿಸುವ ಲುಟೀಷಿಯಂ ಚುಚ್ಚುಮದ್ದು ಕೂಡ ಈಗ ಇವೆ.

ನೋವಿಗೂ ಒಳ್ಳೆಯ ಮದ್ದಿದೆ. ಮೂಳೆಯ ಒಂದು ಜಾಗ ಬಹಳ ನೋಯುತ್ತಿದ್ದರೆ ಒಂದೇ ದಿನ, ಒಂದೇ ಸಲ ಕೊಡುವ ವಿಕಿರಣ ಹತ್ತು ಸಲ ಕೊಟ್ಟಷ್ಟೇ ನೋವು ತಗ್ಗಿಸುತ್ತದೆ. ದೂರದಿಂದ ಬರುವವರಿಗೆ ಇದು ವರ. ಮಾರ್ಫಿನ್ ಮಾತ್ರೆ ಕೊಟ್ಟರೆ ಚಟ ಹಿಡಿಯುತ್ತದೆಂಬ ಹೆದರಿಕೆಯಿಂದ ರೋಗಿಯನ್ನು ನರಳಿಸುವುದು ಬೇಡ. ವೈದ್ಯರ ಅಳತೆಯಲ್ಲಿ ಅದು ಸುರಕ್ಷಿತ. ನೆರೆಯ ಕೇರಳದಲ್ಲಿ ಊರಿನ ಸ್ವಯಂಸೇವಕರೇ ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡಿಕೊಳ್ಳುವ ಉಪಶಮನ ಆರೈಕೆಯ ಪದ್ಧತಿ ಬೇರೂರಿದೆ. ಗಡಿಗೆ ಅಂಟಿಕೊಂಡ ಕೊಡಗು ಅದನ್ನು ಕಲಿಯಬಹುದು.

ದಾರಿ, ದುಡ್ಡು, ದಾಖಲೆ

ಈ ಭಾಗದವರು ಮೊದಲು ಕಾಣುವುದು ಸಿದ್ದಾಪುರ, ಕುಶಾಲನಗರದ ಆಸ್ಪತ್ರೆಗಳನ್ನು. ಮಡಿಕೇರಿಯಲ್ಲಿ 2016ರಿಂದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ವಿಕಿರಣಕ್ಕೆ ಮತ್ತು ದೊಡ್ಡ ಶಸ್ತ್ರಚಿಕಿತ್ಸೆಗೆ ಜನ ಹೋಗುವುದು ಮೈಸೂರಿಗೆ, ಮಂಗಳೂರಿಗೆ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ, ಇಲ್ಲವೇ ವಿರಾಜಪೇಟೆ–ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ. ಕಿದ್ವಾಯಿ 1973ರಿಂದ ನಾಡಿನ ಬಡವರ ಕ್ಯಾನ್ಸರ್ ಆಸ್ಪತ್ರೆ. ರೈಲಿಲ್ಲದ ಜಿಲ್ಲೆಯಿಂದ ಇವೆಲ್ಲಕ್ಕೂ ರಸ್ತೆಯೇ ಗತಿ, ಮಳೆಗಾಲದಲ್ಲಿ ಅದೂ ಕಷ್ಟ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವು. ಕ್ಯಾನ್ಸರ್ ಚಿಕಿತ್ಸೆ ಇದರಲ್ಲಿ ಸೇರಿದೆ. ಪಡಿತರ ಚೀಟಿ, ಆಧಾರ್, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಬೇಕು. ಪತ್ರವಿಲ್ಲದೆ ಮೈಸೂರಿಗೆ ಹೋಗಿ ಮರಳಿ ಬರುವುದು ರೋಗಿಗೆ ವ್ಯರ್ಥ ದಣಿವು. ಆದರೆ ಬಸ್ ಚಾರ್ಜು, ಊಟ, ಉಳಿಯುವ ಕೋಣೆ, ಜೊತೆಗೆ ಬಂದ ಮಗನ ತಪ್ಪಿದ ಕೂಲಿಯನ್ನು ಯಾವ ಕಾರ್ಡೂ ಕೊಡುವುದಿಲ್ಲ. ಅರ್ಧಕ್ಕೆ ಚಿಕಿತ್ಸೆ ಬಿಡುವವರು ಹೆಚ್ಚಾಗಿ ಸೋಲುವುದು ಇಲ್ಲೇ. ತೋಟಗಳ ಮಾಲೀಕರು, ಸಹಕಾರ ಸಂಘಗಳು, ಮಸೀದಿ–ದೇವಸ್ಥಾನ–ಚರ್ಚುಗಳ ಸಮಿತಿಗಳು ಈ ಸಣ್ಣ ಖರ್ಚನ್ನು ಹೊತ್ತರೆ ದೊಡ್ಡ ಖರ್ಚನ್ನು ಸರಕಾರದ ಯೋಜನೆ ಹೊರುತ್ತದೆ. ನೆರೆ ಬಂದಾಗ ಈ ಊರು ಒಂದಾಗಿ ನಿಂತದ್ದನ್ನು ನಾಡು ಕಂಡಿದೆ; ಆ ಶಕ್ತಿ ಕಾಯಿಲೆಗೂ ಸಲ್ಲಬೇಕು.

ಮಾತಾಡುವ ಧೈರ್ಯ

ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಹೆಣ್ಣುಮಗಳು. ಅವಳೆದುರು ಮೂತ್ರದ ತೊಂದರೆ ಹೇಳಲು ಗಂಡಸು ಹಿಂಜರಿಯುತ್ತಾನೆ, ಹೆಂಡತಿಗೂ ಹೇಳುವುದಿಲ್ಲ. ಆದ್ದರಿಂದ ಗಂಡಸರು ಗಂಡಸರಿಗೆ ಹೇಳುವ ವ್ಯವಸ್ಥೆ ಬೇಕು: ತೋಟದ ಮೇಸ್ತ್ರಿ, ಆಟೋ ನಿಲ್ದಾಣ, ಕ್ಷೌರದಂಗಡಿ, ಸಹಕಾರ ಸಂಘದ ಸಭೆ. ಕನ್ನಡ, ಮಲಯಾಳ, ತಮಿಳು, ಕೊಡವ, ಯರವ ನುಡಿಗಳು ಬೆರೆತ ಈ ಸೀಮೆಯಲ್ಲಿ ಆ ಮಾತು ಆಯಾ ಮನೆಯ ಭಾಷೆಯಲ್ಲೇ ಆಗಬೇಕು.

ಹೇಳಿಕೊಳ್ಳುವುದರಿಂದ ಏನಾಗುತ್ತದೆ ಎನ್ನುವವರಿಗೆ ಮೂರು ನಿದರ್ಶನ. ಫ್ರಾನ್ಸಿನ ಅಧ್ಯಕ್ಷ ಮಿತರಾನ್ ತಮ್ಮ ಪ್ರಾಸ್ಟೇಟ್ ಕ್ಯಾನ್ಸರನ್ನು 1981ರಿಂದ ಹತ್ತಕ್ಕೂ ಹೆಚ್ಚು ವರ್ಷ ದೇಶದಿಂದ ಮುಚ್ಚಿಟ್ಟರು. ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ ಅದೇ ರೋಗ ಬಂದಾಗ ಜಗತ್ತಿಗೆ ತಿಳಿಸಿ, ವಿಕಿರಣ ಚಿಕಿತ್ಸೆ ಪಡೆದು, 2013ರವರೆಗೆ, 95 ವರ್ಷ ಬಾಳಿದರು. ನಮ್ಮಲ್ಲಿ ನಟ ಶಿವರಾಜ್‌ಕುಮಾರ್ ಅವರು ಮೂತ್ರಕೋಶದ ಕ್ಯಾನ್ಸರ್‌ಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು ಅದರ ಬಗ್ಗೆ ತಾವೇ ಮಾತಾಡಿದರು. ಕಾಯಿಲೆ ಬೇರೆ, ಸಂಕೋಚದ ಜಾಗ ಒಂದೇ. ಅವರ ಮಾತಿನಿಂದ ಎಷ್ಟೋ ಮನೆಗಳಲ್ಲಿ ಆ ವಿಷಯ ಮೊದಲ ಸಲ ಬಾಯಿಗೆ ಬಂದಿರಬೇಕು.

2040ರ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ 29 ಲಕ್ಷ ಹೊಸ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು ಇರುತ್ತಾರೆಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ. ಜನ ಹೆಚ್ಚು ವರ್ಷ ಬದುಕುತ್ತಿರುವುದೇ ಇದಕ್ಕೆ ಮುಖ್ಯ ಕಾರಣ, ಆದ್ದರಿಂದ ಈ ಏರಿಕೆಯನ್ನು ತಡೆಯಲಾಗದು. ತಡೆಯಬಹುದಾದದ್ದು ತಡವನ್ನು. ಅದಕ್ಕೆ ನೆಲ್ಯಹುದಿಕೇರಿಯಂಥ ಊರಿನಲ್ಲಿ ಹೊಸ ಆಸ್ಪತ್ರೆಯೇ ಏಳಬೇಕೆಂದಿಲ್ಲ. ಐವತ್ತೈದು ದಾಟಿದವನ ಬಿಡದ ಬೆನ್ನುನೋವಿಗೆ ಒಂದು ಪಿ.ಎಸ್.ಎ. ಬರೆಯುವ ವೈದ್ಯರು, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಪರೀಕ್ಷೆ ಉಚಿತವಾಗಿ ಸಿಗುವ ವ್ಯವಸ್ಥೆ, ತಿಂಗಳಿಗೊಮ್ಮೆಯಾದರೂ ಬರುವ ಮೂತ್ರರೋಗ ತಜ್ಞರು, ಮೈಸೂರಿಗೆ ಹೋಗಿಬರಲು ಊರಿನ ಕೈಯಾಸರೆ, ಇವು ನಾಲ್ಕು ಸಾಕು. ಇವುಗಳಲ್ಲಿ ಯಾವುದೂ ಜಿಲ್ಲಾ ಆಡಳಿತದ, ಗ್ರಾಮ ಪಂಚಾಯಿತಿಯ, ನಮ್ಮೆಲ್ಲರ ಶಕ್ತಿ ಮೀರಿದ್ದಲ್ಲ. ಬೇಗ ಬಂದವನಿಗೆ ಮೂರು ದಾರಿಗಳ ಆಯ್ಕೆ ಇದೆ, ತಡವಾಗಿ ಬಂದವನಿಗೆ ಅದು ಇಲ್ಲ. ಆ ಆಯ್ಕೆಯನ್ನು ತೋಟದ ಕೂಲಿಕಾರನಿಗೂ ಉಳಿಸಿಕೊಡುವುದು ವೈದ್ಯರಷ್ಟೇ ಊರಿನ ಹೊಣೆಯೂ ಹೌದು.